ನಾಲ್ಕು ಕೋರು ಬರಲಿ, ತಡೀರಿ

ಶ್ರದ್ಧಾಂಜಲಿ ಸಭೆಯಲ್ಲಿ ಮೈಕು ಕೈಯಿಂದ ಕೈಗೆ ದಾಟಿ ನನ್ನ ಹತ್ತಿರವೂ ಬಂತು. "ನೀವು ಅವ್ರ ಜೊತೆ ಎಂಟು ವರ್ಷ ಕೆಲಸ ಮಾಡ್ದೋರು, ಎರಡು ಮಾತಾಡಿ" ಎಂದರು ನಮ್ಮ ಸಂಘದ ಕಾರ್ಯದರ್ಶಿ. ಬೇಡ ಎಂದು ತಲೆಯಾಡಿಸಿದೆ. ದುಃಖ ಎಂದುಕೊಂಡು ಪಕ್ಕದವರು ಬೆನ್ನು ಸವರಿದರು. ನನಗಿದ್ದದ್ದು ಸಿಟ್ಟು. ಮೂರು ವರ್ಷ ಹೊಟ್ಟೆಯಲ್ಲಿಟ್ಟುಕೊಂಡು ತಿರುಗಿದ ಸಿಟ್ಟು, ಅವರ ಫೋಟೋಕ್ಕೆ ಹಾಕಿದ್ದ ಸುಗಂಧರಾಜದ ಹಾರ ನೋಡಿದ ಮೇಲೂ ಇಳಿದಿರಲಿಲ್ಲ.

ಫೋಟೋ ಮತ್ತು ವಿಡಿಯೋ ಕೆಲಸದವರ ಸಂಘದ ಆ ಸಣ್ಣ ಹಾಲಿನಲ್ಲಿ ಒಬ್ಬೊಬ್ಬರಾಗಿ ಎದ್ದು ಹೊಗಳಿದರು. ಮೈಸೂರಿನಲ್ಲಿ ಕಂಪ್ಯೂಟರಿನ ಮೇಲೆ ಮಿಕ್ಸಿಂಗ್ ಮಾಡುವುದನ್ನು ನಮಗೆಲ್ಲ ಕಲಿಸಿದವರು ಎಂದರು. ನಿಜ. ಗೊತ್ತಿದ್ದದ್ದನ್ನು ಯಾರಿಂದಲೂ ಮುಚ್ಚಿಟ್ಟವರಲ್ಲ ಎಂದರು. ಅದೂ ನಿಜ. "ದುಡುಕಿ ಒಂದೇ ಒಂದು ಸಾಮಾನು ತಗೊಂಡೋರಲ್ಲ ಕಣ್ರೀ, ಅಂಥಾ ತಾಳ್ಮೆ" ಎಂದ ಇನ್ನೊಬ್ಬ. ಅದನ್ನು ಕೇಳಿ ನನಗೆ ಕುರ್ಚಿ ಒದ್ದು ಎದ್ದು ಹೋಗಬೇಕೆನಿಸಿತು. ಆ ತಾಳ್ಮೆಯ ಕಥೆ ನನಗೆ ಗೊತ್ತು. ಸಭೆಯಲ್ಲಿ ಆಡಲಾರದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಹೆಸರು ಬರೆಯುವುದಿಲ್ಲ. ಅವರ ಮನೆಯವರು ಒಳ್ಳೆಯವರು, ಅವರಿಗೆ ನೋವಾಗುವುದು ಬೇಡ.

ನಾನು ಮದುವೆ ಮನೆಗಳಲ್ಲಿ ವಿಡಿಯೋ ತೆಗೆಯುವವನು. ತೆಗೆದದ್ದನ್ನು ಕತ್ತರಿಸಿ, ಜೋಡಿಸಿ, ಹಿಂದೆ ಸಂಗೀತ ಕೂರಿಸಿ, ವಧೂವರರ ಹೆಸರು ಹಾಕಿ ಸಿ.ಡಿ. ಮಾಡಿ ಕೊಡುವ ಕೆಲಸಕ್ಕೆ ನಮ್ಮಲ್ಲಿ ಮಿಕ್ಸಿಂಗ್ ಎನ್ನುತ್ತಾರೆ. ಅದು ಅವರ ಪಾಲು. ತೊಂಬತ್ತರ ದಶಕದ ಕೊನೆಯಲ್ಲಿ, ಉಳಿದವರೆಲ್ಲ ಎರಡು ವಿ.ಸಿ.ಆರ್. ಮುಂದಿಟ್ಟುಕೊಂಡು ಗುಂಡಿ ಒತ್ತುತ್ತಿದ್ದಾಗ ಅವರು ಬೋಗಾದಿಯ ಬಾಡಿಗೆ ಮನೆಯ ಮುಂದಿನ ಕೋಣೆಯಲ್ಲಿ ಕಂಪ್ಯೂಟರ್ ಕೂರಿಸಿದ್ದರು. ಸುತ್ತ ಇನ್ನೂ ಅರ್ಧ ಹೊಲ, ಅರ್ಧ ಜಲ್ಲಿ ರಾಶಿ. ಆ ಧೂಳಿಗೆ ಹೆದರಿ ಕಿಟಕಿಗೆ ಒದ್ದೆ ಪಂಚೆ ಕಟ್ಟುತ್ತಿದ್ದರು. ಕೋಣೆಯೊಳಗೆ ಚಪ್ಪಲಿ ಇಲ್ಲ. ಕೀಬೋರ್ಡಿನ ಮುಂದೆ ಕೂರುವ ಮುಂಚೆ ಕೈ ತೊಳೆದು, ಕರ್ಚೀಫಿನಲ್ಲಿ ಒರೆಸಿಕೊಂಡು, ಹಣೆಯ ವಿಭೂತಿ ಒಮ್ಮೆ ಮುಟ್ಟಿ ನೋಡಿಕೊಳ್ಳುತ್ತಿದ್ದರು. ಮನೆತನದ ಕಸುಬು ಸಂತೆಪೇಟೆಯಲ್ಲಿ ದಿನಸಿ ವ್ಯಾಪಾರ. ಅಂಗಡಿ ಬಿಟ್ಟು ಇದಕ್ಕೆ ಬಂದಿದ್ದಕ್ಕೆ ಅವರ ಅಣ್ಣಂದಿರು ಎಷ್ಟೋ ಕಾಲ ಮಾತು ಬಿಟ್ಟಿದ್ದರಂತೆ.

ಕೆಲಸದಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಇದನ್ನು ಹೇಳದಿದ್ದರೆ ನಾನು ಸುಳ್ಳುಗಾರನಾಗುತ್ತೇನೆ. ಒಂದು ಮದುವೆಯಲ್ಲಿ ಧಾರೆಯ ಹೊತ್ತಿಗೆ ನಾನು ಮಂಟಪದ ಕಡೆಗೇ ಕ್ಯಾಮೆರಾ ನೆಟ್ಟಿದ್ದೆ. ಮೂಲೆಯಲ್ಲಿ ಹುಡುಗಿಯ ಅಜ್ಜಿ ಗೋಡೆಯ ಕಡೆ ತಿರುಗಿ ಸೆರಗಿನಿಂದ ಕಣ್ಣೊರೆಸಿಕೊಂಡದ್ದು ಎರಡೇ ಸೆಕೆಂಡು ಬಂದಿತ್ತು, ಅದೂ ಫ್ರೇಮಿನ ಅಂಚಿನಲ್ಲಿ. ಅವರು ಅದನ್ನು ಹಿಡಿದು, ನಿಧಾನ ಮಾಡಿ, ನಾಗಸ್ವರ ನಿಲ್ಲುವ ಜಾಗಕ್ಕೆ ಸರಿಯಾಗಿ ಕೂರಿಸಿದರು. ಸಿ.ಡಿ. ನೋಡಿದ ಆ ಮನೆಯವರೆಲ್ಲ ಅತ್ತರು. "ಮದ್ವೆ ಅಂದ್ರೆ ಮಂಟಪದ ಮೇಲಿರೋದಲ್ಲ ಕಣಯ್ಯ, ಕೆಳಗೆ ಕೂತಿರೋದು. ಆ ಕಡೆ ತಿರುಗ್ಸು ನಿನ್ ಕ್ಯಾಮೆರಾನ" ಎಂದು ನನ್ನನ್ನು ಬೈದರು. ಇಂದಿಗೂ ತಾಳಿ ಕಟ್ಟುವಾಗ ನಾನು ಒಮ್ಮೆ ಹಿಂದಕ್ಕೆ ತಿರುಗುತ್ತೇನೆ. ಕಲಿಸಿದವರು ಅವರೇ.

ಇಂಥ ಮನುಷ್ಯನನ್ನು ಹಾಳು ಮಾಡಿದ್ದು ಇನ್ನೂ ಹುಟ್ಟದ ಒಂದು ಪ್ರೊಸೆಸರು.

ಆ ಕಾಲದ ಯಂತ್ರಕ್ಕೆ ಜೋಡಿಸಿದ ಒಂದು ಮದುವೆಯನ್ನು ಅರೆದು ಒಂದೇ ವಿಡಿಯೋ ಮಾಡಿ ಹೊರಗೆ ಹಾಕಲು ಒಂದು ಇಡೀ ಹಗಲು ಬೇಕಿತ್ತು. ಪರದೆಯ ಮೇಲೆ ನೀಲಿ ಪಟ್ಟಿ ಇಷ್ಟಿಷ್ಟೇ ತೆವಳುತ್ತಿತ್ತು. ನಡುವೆ ಕರೆಂಟು ಹೋದರೆ ಮತ್ತೆ ಮೊದಲಿನಿಂದ. ಹೀಗಿರುವಾಗ ಒಂದೇ ಚಿಪ್‌ನಲ್ಲಿ ಎರಡು ಕೋರು, ಅಂದರೆ ಎರಡು ಮಿದುಳು ಇರುವ ಪ್ರೊಸೆಸರ್ ಬರುತ್ತದೆ ಎಂಬ ಸುದ್ದಿ ಅವರಿಗೆ ಬ್ರೌಸಿಂಗ್ ಸೆಂಟರಿನಲ್ಲಿ ಸಿಕ್ಕಿತು. ಅಲ್ಲಿಂದ ಅವರು ನಮ್ಮ ಕೈಗೆ ಸಿಗಲಿಲ್ಲ.

ಸರಸ್ವತಿಪುರಂನಲ್ಲಿ ಕಂಪ್ಯೂಟರ್ ಬಿಡಿಭಾಗ ಮಾರುವ ಒಂದು ಅಂಗಡಿ. ಸಂಜೆ ಐದೂವರೆಗೆ ಅಲ್ಲಿ ಸಭೆ ಸೇರುತ್ತಿತ್ತು. ಒಬ್ಬರು ಪಾಲಿಟೆಕ್ನಿಕ್ಕಿನ ಮೇಷ್ಟ್ರು, ಒಬ್ಬರು ಆಟದ ಹುಚ್ಚಿನ ಬ್ಯಾಂಕ್ ಗುಮಾಸ್ತರು, ಇವರು, ಜೊತೆಗೆ ಇವರನ್ನು ಕರೆಯಲು ಹೋಗಿ ಸಿಕ್ಕಿಬಿದ್ದ ನಾನು. ಬೈ-ಟು ಕಾಫಿ ಕುಡಿಯುತ್ತಾ, ಯಾರೂ ಕಣ್ಣಿಂದ ನೋಡದ ಚಿಪ್‌ಗಳಿಗೆ ಅಲ್ಲಿ ಜಾತಕ ಬರೆಯುತ್ತಿದ್ದರು. ಅದು ಎಷ್ಟು ಬಿಸಿಯಾಗುತ್ತದೆ, ಯಾವ ಬೋರ್ಡಿಗೆ ಕೂರುತ್ತದೆ, ಯಾವಾಗ ಬೆಲೆ ಇಳಿಯುತ್ತದೆ. ವೇಗದ ಒಂದೇ ಕೋರು ಮೇಲೋ, ಸ್ವಲ್ಪ ನಿಧಾನದ ಎರಡು ಕೋರು ಮೇಲೋ ಎಂಬ ಜಗಳ ತಿಂಗಳುಗಟ್ಟಲೆ ನಡೆಯಿತು.

"ಒಬ್ಬ ಅಡುಗೆ ಭಟ್ಟ ಎಷ್ಟೇ ಬೇಗ ಕೈ ಆಡಿಸಿದ್ರೂ ಒಂದೇ ಒಲೆ ಕಣ್ರೀ ಮೇಷ್ಟ್ರೇ. ಇಬ್ರು ಭಟ್ರು, ಎರಡು ಒಲೆ. ಲೆಕ್ಕ ಹಾಕಿ" ಎನ್ನುತ್ತಿದ್ದರು ಇವರು.

"ನಿಮ್ಮ ಸಾಫ್ಟ್‌ವೇರಿಗೆ ಒಂದೇ ಒಲೆ ಹಚ್ಚಕ್ ಗೊತ್ತಿರೋದು ಸ್ವಾಮಿ. ಇನ್ನೊಬ್ಬ ಭಟ್ಟ ಮೂಲೇಲಿ ಕೂತು ಎಲೆ ಅಡಿಕೆ ಹಾಕ್ತಾನೆ ಅಷ್ಟೇ" ಎನ್ನುತ್ತಿದ್ದರು ಮೇಷ್ಟ್ರು.

"ಊಟಕ್ ಕೂತೋರ ಎಲೆ ಒಣಗ್ತಾ ಇದೆ ಸಾರ್, ಯಾವ್ದಾದ್ರೂ ಒಂದು ಒಲೆ ಹಚ್ಚಿ" ಎನ್ನುತ್ತಿದ್ದೆ ನಾನು. ಎಲ್ಲರೂ ನಗುತ್ತಿದ್ದರು. ಅವರೂ ನಗುತ್ತಿದ್ದರು. ನಗುವ ಮಾತೇ ಅದು?

ಎರಡು ಕೋರಿನದು ಬಂದೇ ಬಂತು. ಅಂಗಡಿಯವನು ಡಬ್ಬ ತಂದು ಇವರ ಮುಂದಿಟ್ಟ. ತಿರುಗಿಸಿ ತಿರುಗಿಸಿ ನೋಡಿ, ಮಗುವಿನ ಕೆನ್ನೆ ತಟ್ಟಿದ ಹಾಗೆ ತಟ್ಟಿ, ವಾಪಸ್ ಕೊಟ್ಟರು. "ಇದು ಮೊದಲ್ನೇ ಬ್ಯಾಚು. ಬಿಸಿ ಜಾಸ್ತಿ. ಇನ್ನೊಂದ್ ಆರು ತಿಂಗಳು ಹೋಗ್ಲಿ." ಆರು ತಿಂಗಳು ಹೋಯಿತು. ಬಿಸಿ ಕಡಿಮೆಯದು ಬಂತು. ಅಷ್ಟರಲ್ಲಿ ನಾಲ್ಕು ಕೋರಿನದರ ಸುದ್ದಿ ಬಂದಿತ್ತು. "ಈಗ ಎರಡು ತಗೊಂಡ್ರೆ ಮೂರ್ಖತನ ಕಣ್ರೀ. ನಾಲ್ಕು ಕೋರು ಬರ್ಲಿ, ತಡೀರಿ." ಬೆನ್ನ ಹಿಂದೆ ಎಲ್ಲರೂ ಅವರನ್ನು 'ತಡೀರಿ ಸಾರ್' ಎಂದೇ ಕರೆಯುತ್ತಿದ್ದರು. ಅವರ ಮಾತು ನಂಬಿ ಊರಿನ ಅರ್ಧ ಸ್ಟುಡಿಯೋದವರು ಕಂಪ್ಯೂಟರ್ ಕೊಳ್ಳದೆ ಕೂತಿದ್ದರು. ಸಭೆಯಲ್ಲಿ ತಾಳ್ಮೆ ಎಂದು ಹೊಗಳಿದವನೂ ಅವರಲ್ಲಿ ಒಬ್ಬ.

ಇತ್ತ ಕೋಣೆಯಲ್ಲಿ ಮದುವೆಗಳು ರಾಶಿ ಬೀಳುತ್ತಿದ್ದವು. ನಾವು ತೆಗೆಯುತ್ತಿದ್ದದ್ದು ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಸಣ್ಣ ಕ್ಯಾಸೆಟ್ಟಿನಲ್ಲಿ, ಒಂದಕ್ಕೆ ಒಂದು ಗಂಟೆ. ಅದನ್ನು ಮೊದಲು ಕಂಪ್ಯೂಟರಿಗೆ ಇಳಿಸಬೇಕು. ಇಳಿಸಿದ ಮೇಲೆ ಅದೇ ಕ್ಯಾಸೆಟ್ಟಿನ ಮೇಲೆ ಮುಂದಿನ ಮದುವೆ ತೆಗೆಯುವುದು ನಮ್ಮ ಕಸುಬಿನಲ್ಲಿ ಎಲ್ಲರೂ ಮಾಡುತ್ತಿದ್ದ ಕೆಲಸ. ಗೊಂದಲವಾಗಬಾರದೆಂದು ಒಂದು ಕಟ್ಟಲೆ ಇತ್ತು. ಇಳಿಸಿ ಆದ ಕ್ಯಾಸೆಟ್ಟಿನ ಚೀಟಿಯ ಮೇಲೆ ಅವರು ಕೆಂಪು ಪೆನ್ನಿನಲ್ಲಿ ರೈಟ್ ಮಾರ್ಕು ಹಾಕಿ ಬಾಗಿಲ ಪಕ್ಕದ ಗೂಡಿನಲ್ಲಿ ಇಡುತ್ತಿದ್ದರು. ಕೆಂಪು ಮಾರ್ಕು ಇದ್ದದ್ದನ್ನು ನಾನು ಕೇಳದೆ ಎತ್ತಿಕೊಂಡು ಹೋಗಬಹುದು. ಆ ಕೆಂಪು ಪೆನ್ನು ಸದಾ ಅವರ ಜೇಬಿನಲ್ಲಿರುತ್ತಿತ್ತು, ಬೇರೆಯವರು ಮುಟ್ಟುವಂತಿರಲಿಲ್ಲ. ಎಂಟು ವರ್ಷ ಒಂದು ದಿನವೂ ಅದು ತಪ್ಪಿರಲಿಲ್ಲ.

ಈಗ ಅವರ ಹಾರ್ಡ್ ಡಿಸ್ಕು ಅರೆಯದ ಮದುವೆಗಳಿಂದ ತುಂಬಿಹೋಗಿತ್ತು. ಇನ್ನೊಂದು ಡಿಸ್ಕು ತಗೊಳ್ಳಿ ಸಾರ್ ಎಂದೆ. "ಹೊಸ ಬೋರ್ಡಿಗೆ ಹೊಸ ನಮೂನೆ ವೈರಿನ ಡಿಸ್ಕು ಬೇಕು. ಈಗ ಹಳೇದು ತಗೊಂಡ್ರೆ ಅದು ದಂಡ" ಎಂದರು. ಹೀಗೆ ಪ್ರೊಸೆಸರಿಗೆ ಡಿಸ್ಕು ಕಾಯಿತು, ಡಿಸ್ಕಿಗೆ ಕ್ಯಾಸೆಟ್ಟು ಕಾಯಿತು, ಕ್ಯಾಸೆಟ್ಟಿಗೆ ಜನ ಕಾದರು. ಮದುವೆಯಾಗಿ ಬಸುರಿಯಾಗಿ ಸೀಮಂತಕ್ಕೆ ನನ್ನನ್ನೇ ಕರೆದವರು, "ಮದ್ವೆ ಸಿ.ಡಿ. ಯಾವಾಗ ಕೊಡ್ತೀರಾ?" ಎಂದು ಎಲ್ಲರೆದುರು ಕೇಳಿದರೆ ನಾನು ಮುಖ ಎಲ್ಲಿಡಬೇಕಿತ್ತು?

ಆ ರಾಶಿಯಲ್ಲಿ ಕುಂಬಾರಕೊಪ್ಪಲಿನ ಒಂದು ಮದುವೆಯಿತ್ತು. ಎರಡು ಕ್ಯಾಸೆಟ್ಟು. ಹುಡುಗಿಯ ತಂದೆ ಸಿಟಿ ಬಸ್ಸಿನ ಕಂಡಕ್ಟರು, ದಪ್ಪ ಮೀಸೆ, ದೊಡ್ಡ ದನಿ. ಊಟದ ಹಾಲಿನ ಬಾಗಿಲಲ್ಲಿ ನಿಂತು ನೆಂಟರನ್ನೆಲ್ಲ "ಮುಂದಕ್ಕೋಗಿ, ಮುಂದಕ್ಕೋಗಿ, ಒಳಗೆಲ್ಲಾ ಖಾಲಿ ಐತೆ" ಎಂದು ತಳ್ಳುತ್ತಿದ್ದರು. ಇಡೀ ಛತ್ರ ನಗುತ್ತಿತ್ತು.

ಒಂದು ಶನಿವಾರ ಅಂಗಡಿಯವನು ಇವರಿಗೆ ಮಾತು ಕೊಟ್ಟ. ಸೋಮವಾರ ಎರಡು ಕೋರಿನ ಹೊಸ ಯಂತ್ರ, ಬೋರ್ಡು, ಡಿಸ್ಕು ಎಲ್ಲ ಮನೆಗೆ ಬರುತ್ತದೆ. ನಾನೇ ಒತ್ತಾಯ ಮಾಡಿ ಒಪ್ಪಿಸಿದ್ದೆ. ಅವರಿಗೆ ಸಂಭ್ರಮವೋ ಸಂಭ್ರಮ. ಮೇಜು ಒರೆಸಿದರು, ಕಿಟಕಿಯ ಪಂಚೆ ಒಗೆದರು, ಸೋಮವಾರ ಇಳಿಸಬೇಕಾದ ಕ್ಯಾಸೆಟ್ಟುಗಳನ್ನೆಲ್ಲ ಗೂಡಿನಲ್ಲಿ ಸಾಲಾಗಿ ಜೋಡಿಸಿ, ಕೆಲಸ ಮುಗಿದೇ ಹೋಯಿತು ಎಂಬ ಹುರುಪಿನಲ್ಲಿ ಅವಕ್ಕೆಲ್ಲ ಮುಂಗಡವಾಗಿ ಕೆಂಪು ಮಾರ್ಕು ಹಾಕಿದರು. ಭಾನುವಾರ ಎಲ್ಲೋ ಓದಿದರಂತೆ, ನಾಲ್ಕು ಕೋರಿನದು ನಿರೀಕ್ಷೆಗಿಂತ ಬೇಗ ಬರುತ್ತದೆ, ಅದು ಬಂದರೆ ಎರಡರದ್ದು ಬೆಲೆ ಬೀಳುತ್ತದೆ ಎಂದು. ಸೋಮವಾರ ಬೆಳಿಗ್ಗೆ ಅಂಗಡಿಗೆ ಫೋನು ಮಾಡಿ ಬೇಡ ಎಂದರು. ಯಂತ್ರ ಬರಲಿಲ್ಲ. ಕ್ಯಾಸೆಟ್ಟಿನ ಮೇಲಿನ ಕೆಂಪು ಮಾರ್ಕು ಹಾಗೇ ಉಳಿಯಿತು. ಇದೊಂದೂ ಆಗ ನನಗೆ ಗೊತ್ತಿಲ್ಲ. ಗುರುವಾರ ನಾನು ಹೋದಾಗ ಅವರು ಬ್ರೌಸಿಂಗ್ ಸೆಂಟರಿಗೆ ಹೋಗಿದ್ದರು. ಗೂಡಿನಿಂದ ಕೆಂಪು ಮಾರ್ಕಿದ್ದ ಎರಡು ಕ್ಯಾಸೆಟ್ಟು ಎತ್ತಿಕೊಂಡು ಇಲವಾಲಕ್ಕೆ ಒಂದು ನಾಮಕರಣಕ್ಕೆ ಹೋದೆ. ಒಂದು ಕ್ಯಾಸೆಟ್ಟು ಪೂರ್ತಿ ತುಂಬಿತು. ಎರಡನೆಯದರಲ್ಲಿ ಅರ್ಧದ ಮೇಲೆ ಸ್ವಲ್ಪ.

ಹದಿನೈದು ದಿನ ಕಳೆದಿರಬೇಕು. ಆ ಕಂಡಕ್ಟರ ಮಗಳು ಬೋಗಾದಿಗೆ ಹುಡುಕಿಕೊಂಡು ಬಂದಳು. ನಾನೂ ಅಲ್ಲೇ ಇದ್ದೆ. ಹೊಸ್ತಿಲಾಚೆಯೇ ನಿಂತು ಹೇಳಿದಳು: "ಅಪ್ಪ ಹೋಗ್ಬುಟ್ರು ಸಾರ್. ಡ್ಯೂಟೀಲಿದ್ದಾಗ್ಲೇ ಎದೆ ಹಿಡ್ಕಂಡು ಕೂತ್ರಂತೆ. ಫೋಟೋ ಐತೆ. ಅವ್ರ ನಡ್ಗೆ, ಮಾತು ಯಾವ್ದೂ ಇಲ್ಲ. ಹಾಡುಗೀಡು ಏನೂ ಹಾಕ್ಬೇಡಿ, ಅಂಗೇ ಕೊಟ್ಬುಡಿ ಸಾಕು."

ಅವರು ಕಂಪ್ಯೂಟರಿನಲ್ಲಿ ಹುಡುಕಿದರು. ಗೂಡಿನಲ್ಲಿ ಹುಡುಕಿದರು. ಆಮೇಲೆ ನನ್ನ ಮುಖ ನೋಡಿದರು. ಆ ಎರಡು ಕ್ಯಾಸೆಟ್ಟು ನನ್ನ ಬ್ಯಾಗಿನಲ್ಲಿದ್ದವು, ಚೀಟಿಯ ಮೇಲೆ ನಾಮಕರಣ ಎಂದು ನನ್ನದೇ ಅಕ್ಷರ. ಇಬ್ಬರಿಗೂ ಅರ್ಥವಾಯಿತು. ಆಗ ಅವರು ಕೈ ಒರೆಸಿಕೊಂಡು, ಸ್ಥಿರವಾದ ದನಿಯಲ್ಲಿ ಆ ಹುಡುಗಿಗೆ ಹೇಳಿದರು: "ಆಗ್ತಾ ಇದೆ ಕಣಮ್ಮ. ಈ ಮಷೀನಲ್ಲಿ ಮಾಡಿದ್ರೆ ಚೆನ್ನಾಗ್ ಬರಲ್ಲ. ನಾಲ್ಕು ಕೋರು ಬರ್ಲಿ, ತಡೀರಿ."

ಆಕೆ ಹೋಗುವವರೆಗೂ ನಾನು ಬಾಯಿ ಬಿಡಲಿಲ್ಲ. ಹೋದ ಮೇಲೆ ಬಾಯಿಗೆ ಬಂದಂತೆ ಬೈದೆ. ಅಲ್ಲಿವರೆಗೆ ಅವರನ್ನು ಏಕವಚನದಲ್ಲಿ ಮಾತಾಡಿಸಿದವನಲ್ಲ, ಅವತ್ತು ಅದೂ ಆಯಿತು. "ಇಲ್ದೇ ಇರೋದಕ್ಕೂ ಕಾಯ್ಸ್ತೀಯಲ್ಲೋ, ಆ ಹೆಣ್ಮಗಳು ನಿನಗೇನ್ ಮಾಡಿದ್ಲು? ಮಾರ್ಕು ಹಾಕೋ ಕೈಗೆ ಮೊದ್ಲು ಕೆಲಸ ಮಾಡಕ್ ಏನ್ ರೋಗ?" ಎಂದೆ. ಅವರು ಜೇಬಿನಿಂದ ಕೆಂಪು ಪೆನ್ನು ತೆಗೆದು, ಮುಚ್ಚಳ ಬಿಚ್ಚಿ, ಮತ್ತೆ ಹಾಕಿದರು. ಎರಡೂ ಕ್ಯಾಸೆಟ್ಟನ್ನು ಅವರ ಮೇಜಿನ ಮೇಲೆ ಎಸೆದು, ಬಾಗಿಲಾಚೆಯ ಚಪ್ಪಲಿಯನ್ನು ಒಳಗೆಳೆದು ಕೋಣೆಯೊಳಗೇ ಮೆಟ್ಟಿಕೊಂಡು ಹೊರಟೆ. ಮಾರನೇ ದಿನ ಹೋಗಿ ಎರಡು ಕೋರಿನ ಯಂತ್ರ ಕೊಂಡು ತಂದೆ. ಅದು ಎಷ್ಟು ಬಿಸಿಯಾಗುತ್ತದೆ ಎಂದು ನಾನು ಯಾರನ್ನೂ ಕೇಳಲಿಲ್ಲ.

ಮತ್ತೆ ಅವರ ಮನೆ ಕಡೆ ಹೋಗಲಿಲ್ಲ. ಎದುರಿಗೆ ಸಿಕ್ಕರೆ ರಸ್ತೆ ದಾಟುತ್ತಿದ್ದೆ. ಅಂಗಡಿಯ ಸಭೆ ನಡೆಯುತ್ತಲೇ ಇದೆ, ನಾಲ್ಕು ಬಂದು ಹಳತಾಗಿ ಈಗ ಆರು ಕೋರಿಗೆ ಕಾಯುತ್ತಿದ್ದಾರೆ ಎಂದು ಕೇಳುತ್ತಿದ್ದೆ, ಕೇಳಿದಾಗಲೆಲ್ಲ ರಕ್ತ ಕುದಿಯುತ್ತಿತ್ತು. ಕುಂಬಾರಕೊಪ್ಪಲಿನಲ್ಲಿ ಮದುವೆಗೆ ಕರೆದರೆ ಬೇರೆಯವರನ್ನು ಕಳಿಸುತ್ತಿದ್ದೆ. ಆ ಹುಡುಗಿ ಎಲ್ಲಾದರೂ ಸಿಕ್ಕಿ ಸಿ.ಡಿ. ಎಲ್ಲಿ ಎಂದರೆ ಏನು ಹೇಳಲಿ? ಹೇಳಬೇಕಾದವರು ಅವರು, ನಾನ್ಯಾಕೆ ಹೇಳಲಿ ಎಂದು ಮೂರು ವರ್ಷ ನನಗೆ ನಾನೇ ಸಮಾಧಾನ ಮಾಡಿಕೊಂಡೆ. ಕಳೆದ ವಾರ ಅವರು ತೀರಿಕೊಂಡರು. ಹೇಳದೆಯೇ ಹೋದರಲ್ಲ ಎಂದು ಇನ್ನಷ್ಟು ಉರಿಯಿತು.

ಸಭೆ ಮುಗಿದು ಹೊರಗೆ ಬಂದರೆ ಮೆಟ್ಟಿಲ ಮೇಲೆ ಅವಳೇ ನಿಂತಿದ್ದಾಳೆ. ಪಕ್ಕದಲ್ಲಿ ಕೈ ಹಿಡಿದುಕೊಂಡ ಸಣ್ಣ ಮಗಳು. ತಪ್ಪಿಸಿಕೊಳ್ಳಲು ಜಾಗವಿರಲಿಲ್ಲ. ಆಗಿದ್ದಾಗಲಿ ಎಂದು ನಾನೇ ಶುರು ಮಾಡಿದೆ. "ಅಮ್ಮಾ, ನಿಮ್ಮ ಮದ್ವೆ ಕ್ಯಾಸೆಟ್ಟು ಅವತ್ತೇ ಅಳಿಸಿ ಹೋಗಿತ್ತು. ಅದ್ರ ಮೇಲೆ ಬೇರೆ ತೆಗೆದವನು ನಾನೇ. ಅವ್ರು ನಿಮ್ಮನ್ನ ಸುಮ್ನೆ ಕಾಯಿಸಿದ್ರು."

"ಗೊತ್ತು ಕಣಣ್ಣ" ಎಂದಳು. "ಆ ಭಾನುವಾರವೇ ಮನೇಗ್ ಬಂದು ಹೇಳಿದ್ರಲ್ಲಾ. ಹುಡುಗಿ ಅಳ್ತಾಳೆ ಅಂತ ಹೆದ್ರಿ ಸುಳ್ಳು ಹೇಳ್ಬುಟ್ಟೆ, ತಪ್ಪೆಲ್ಲಾ ನಂದೇ, ಕ್ಯಾಮೆರಾದೋನ್ದು ಏನೂ ಇಲ್ಲ ಅಂದ್ರು. ಎರಡ್ನೇ ಕ್ಯಾಸೆಟ್ ಕೊನೇಲಿ ಇಪ್ಪತ್ತು ನಿಮಿಷ ಉಳ್ದಿತ್ತಂತೆ. ಅದನ್ನ ಸಿ.ಡಿ. ಮಾಡ್ಕಂಡೇ ಬಂದಿದ್ರು. ಅಪ್ಪ ಅವ್ರೆ ಅದ್ರಲ್ಲಿ. ಮುಂದಕ್ಕೋಗಿ ಮುಂದಕ್ಕೋಗಿ ಅಂತಾರಲ್ಲಾ, ಅದೇ."

ಕ್ಯಾಸೆಟ್ಟಿನ ಬಾಲದಲ್ಲಿ ಹಳೆಯದು ಉಳಿದಿರುತ್ತದೆ ಎಂದು ಕ್ಯಾಮೆರಾ ಹಿಡಿಯುವ ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಹಾಕಿ ನೋಡುವ ಧೈರ್ಯ ಬರದೆ ಎಸೆದು ಬಂದಿದ್ದೆ. ಮರುಕ್ಷಣವೇ ಅವರ ಮೇಲೆ ಮತ್ತೆ ಸಿಟ್ಟು ಬಂತು, ಮೊದಲಿಗಿಂತ ಜೋರಾಗಿ. ಒಂದು ವಾರದೊಳಗೆ ಆಯಿತಲ್ಲ! ಅದೇ ಹಳೇ ಒಂಟಿ ಕೋರಿನ ಯಂತ್ರದಲ್ಲಿ, ಅದೇ ತುಂಬಿದ ಡಿಸ್ಕಿನಲ್ಲಿ ಯಾವುದನ್ನೋ ಅಳಿಸಿ ಜಾಗ ಮಾಡಿಕೊಂಡು ಮಾಡಿದರಲ್ಲ! ಹಾಗಾದರೆ ಮೊದಲೇ ಯಾಕೆ ಮಾಡಲಿಲ್ಲ? ಎರಡು ಗಂಟೆಯ ಅಪ್ಪನನ್ನು ಇಪ್ಪತ್ತು ನಿಮಿಷ ಮಾಡಿ ಕೊಟ್ಟಿರಲ್ಲ ಸಾರ್. ನನಗಾದರೂ ಒಂದು ಮಾತು ಹೇಳಬಾರದಿತ್ತೇ?

"ಅಣ್ಣ, ನಿಮ್ಮನ್ನ ಒಂದ್ ಕೇಳ್ಬೇಕಿತ್ತು" ಎಂದಳು. "ಅದ್ಕೇ ಬಂದೆ ಇವತ್ತು. ಸಿ.ಡಿ. ಕೊನೇಲಿ ಅಪ್ಪ ಕೈ ಒರೆಸ್ಕಂಡು ಕ್ಯಾಮೆರಾ ಹತ್ರ ಬತ್ತಾರೆ. ಏನೋ ಹೇಳಕ್ಕೆ ಬಾಯಿ ತೆಗೀತಾರೆ. ಅಷ್ಟ್ರಲ್ಲಿ ನಿಮ್ ದನಿ ಕೇಳುತ್ತೆ. ತಡೀರಿ ಸಾರ್, ಕ್ಯಾಸೆಟ್ ಮುಗೀತು, ಬೇರೆ ತತ್ತೀನಿ ಅಂತೀರಿ. ಅಲ್ಲಿಗೇ ನಿಂತೋಯ್ತದೆ. ಆಮೇಲೆ ಏನಂದ್ರಣ್ಣ ನಮ್ಮಪ್ಪ? ಸಾರ್‌ನ ಕೇಳಿದ್ದಕ್ಕೆ, ಅದು ಅವನಿಗೇ ಗೊತ್ತಿರ್ಬೇಕು, ಸಿಟ್ಟಿಳಿದ ಮೇಲೆ ಅವನೇ ಬಂದು ಹೇಳ್ತಾನೆ, ತಡೀರಿ ಅಂದಿದ್ರು."

ನೆನಪು ಮಾಡಿಕೊಂಡೆ. ಅವತ್ತು ಮದುವೆಯಲ್ಲಿ ನನ್ನ ಬ್ಯಾಗಿನಲ್ಲಿ ಮೂರನೇ ಕ್ಯಾಸೆಟ್ಟು ಇರಲಿಲ್ಲ. ಹಿಂತಿರುಗಿ ನೋಡಿದಾಗ ಆ ಕಂಡಕ್ಟರು ಊಟದ ಹಾಲಿನ ಬಾಗಿಲಲ್ಲಿ ಕಡೇ ಪಂಕ್ತಿಯವರನ್ನು ಒಳಗೆ ಕಳಿಸುತ್ತಿದ್ದರು. ಕ್ಯಾಮೆರಾ ಮಡಚಿ, ಒಂದು ಎಲೆ ಖಾಲಿ ಇದ್ದ ಕಡೆ ನಾನೂ ಊಟಕ್ಕೆ ಕೂತಿದ್ದೆ. ಅವರೇನು ಹೇಳಬೇಕೆಂದಿದ್ದರೋ ನಾನು ಕೇಳಲೇ ಇಲ್ಲ.

ಮಗಳ ಕೈ ಹಿಡಿದುಕೊಂಡು ಆಕೆ ನನ್ನ ಮುಖವನ್ನೇ ನೋಡುತ್ತಾ ಕಾಯುತ್ತಿದ್ದಳು.